ಹಿತ್ತಲ ಬಾಗಿಲಿನಿಂದ ಬಚ್ಚಲಿಗೆ

ಕೊಪ್ಪದಲ್ಲಿ ನಡೆದ ಒಂದು ತರಬೇತಿಗೆ ನನ್ನನ್ನು ಮಾತಾಡಲು ಕರೆದಿದ್ದರು. ನಿವೃತ್ತರಾದವರನ್ನು ಹೀಗೆ ಕರೆಯುವುದು ಒಂದು ಮರ್ಯಾದೆ. ಶಾಲು ಹೊದೆಸುತ್ತಾರೆ, ಮೈಕು ಕೊಡುತ್ತಾರೆ, ಬೇಗ ಮುಗಿಸಿ ಎಂದು ಕಿವಿಯಲ್ಲಿ ಹೇಳುತ್ತಾರೆ. ಸಮಾಜ ಕಾರ್ಯಕರ್ತರು ದಣಿದು ಕೈಚೆಲ್ಲದಂತೆ ತಮ್ಮನ್ನು ತಾವು ನೋಡಿಕೊಳ್ಳುವುದು ಹೇಗೆ ಎಂಬುದು ವಿಷಯ. ಎದುರಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಿಂದ ಬಂದ ಹೊಸಬರು ಕೂತಿದ್ದರು. ಒಬ್ಬ ಹುಡುಗಿ ಎದ್ದು ಕೇಳಿದಳು. "ಮೇಡಂ, ಇಷ್ಟು ವರ್ಷ ಈ ಕೆಲಸ ಮಾಡಿಯೂ ನೀವು ಹೇಗೆ ಉಳ್ಕಂಡ್ರಿ? ಎಂತ ಮಾಡ್ತಿದ್ರಿ?"

ತಯಾರು ಮಾಡಿಕೊಂಡು ಹೋದ ಮಾತೆಲ್ಲ ಮರೆತೇ ಹೋಯಿತು. "ಸ್ನಾನ ಮಾಡ್ತಿದ್ದೆ" ಅಂದೆ.

ಸಭೆ ಗೊಳ್ಳೆಂದು ನಕ್ಕಿತು. ಪಕ್ಕದಲ್ಲಿದ್ದ ಸಂಯೋಜಕಿ ನೇಹಾಳೂ ನಕ್ಕಳು. ನಗದೇ ಇದ್ದವಳು ಪವಿತ್ರ ಒಬ್ಬಳೇ. ನಾನು ಬಿಟ್ಟ ಜಾಗಕ್ಕೆ ಬಂದ ಹುಡುಗಿ ಅವಳು. ನನ್ನ ಮುಖವನ್ನೊಮ್ಮೆ ನೋಡಿ, ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಹೋದಳು.

ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಏನಾದರೂ ಬರೆದುಕೊಡಿ ಎಂದು ನೇಹಾ ಆಮೇಲೂ ಕೇಳುತ್ತಲೇ ಇದ್ದಾಳೆ. ಬರೆಯುತ್ತಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ನಾನು ಗೊಂದಲದಲ್ಲಿದ್ದೇನೆ. ಯಾವುದು ನನ್ನನ್ನು ಕಾಪಾಡಿತು ಎಂದು ನಾನು ನಂಬಿದ್ದೆನೋ ಅದು ಇನ್ನೊಬ್ಬರಿಗೆ ಏನಾಗಿ ಕಂಡಿತು ಎಂಬುದು ಈ ವಯಸ್ಸಿನಲ್ಲಿ ಗೊತ್ತಾಗಿದೆ. ಬರೆದರೆ ಸ್ವಲ್ಪ ತಿಳಿಯಾದೀತೇನೋ ನೋಡೋಣ. ಬಡ್ತಿ, ಪ್ರಶಸ್ತಿ ಪತ್ರ ಎಲ್ಲ ಅಟ್ಟದ ಮೇಲಿವೆ, ಅವು ಅಲ್ಲೇ ಇರಲಿ.

ನಮ್ಮದು ಸಣ್ಣ ಸಂಸ್ಥೆ. ಕುಡಿತ, ಹೊಡೆತ, ಶಾಲೆ ಬಿಟ್ಟ ಮಕ್ಕಳು, ಆಸ್ಪತ್ರೆ ಎಂದರೆ ಹೆದರುವ ರೋಗಿಗಳು, ಹೀಗೆ ಯಾರಿಗೂ ಬೇಡವಾದ ತಾಪತ್ರಯಗಳೆಲ್ಲ ನಮ್ಮ ಪಾಲಿನವು. ಮನೆ ಮನೆಗೆ ಹೋಗಿ ಕೂತು ಮಾತಾಡುವುದೇ ಕೆಲಸ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು "ಆಸರಿಗೆ ಎಂತ ಬೇಕು?" ಎಂದು ಕೇಳುತ್ತಾರೆ. ಕುಡಿಯಲು ಏನಾದರೂ ಕೊಡದೆ ಮಾತು ಶುರುವಾಗುವುದಿಲ್ಲ. ತೋಟದ ಕೆಲಸಕ್ಕೆ ಹೋಗುವವರ ಮನೆಯಲ್ಲಿ ನನ್ನಂಥವಳು ಬೇಡ ಎಂದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. ಇವರು ದೊಡ್ಡ ಜಾತಿಯವರು, ನಮ್ಮ ಲೋಟ ಮುಟ್ಟುವುದಿಲ್ಲ ಎಂದುಕೊಳ್ಳುತ್ತಾರೆ. ಹಾಗಾಗಿ ನಾನು ಯಾವ ಮನೆಯಲ್ಲೂ ಬೇಡ ಎಂದವಳಲ್ಲ. ಚಾ, ಕಾಫಿ, ಬೆಲ್ಲ ನೀರು, ಮಜ್ಜಿಗೆ, ಕೊಟ್ಟದ್ದೆಲ್ಲ ಕುಡಿದೆ.

ಅಷ್ಟೆಲ್ಲ ಕುಡಿದ ಹೆಂಗಸು ಆಮೇಲೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ಯಾವ ಊರಿನಲ್ಲಿ ಯಾರ ಮನೆಯ ಶೌಚಾಲಯಕ್ಕೆ ಚಿಲಕ ಇದೆ ಎಂದು ನಾನು ಬೇಗನೆ ತಿಳಿದುಕೊಂಡೆ. ನನ್ನ ಮಟ್ಟಿಗೆ ನನ್ನನ್ನು ನಾನು ನೋಡಿಕೊಳ್ಳುವುದು ಶುರುವಾದದ್ದು ಅಲ್ಲಿಂದ. ನಕ್ಕುಬಿಡಬೇಡಿ. ನೀರು ಕುಡಿಯದೆ ಇಡೀ ದಿನ ತಿರುಗಿ ಮೂತ್ರದ ಸೋಂಕಿಗೆ ಮಾತ್ರೆ ನುಂಗುವ ಹುಡುಗಿಯರನ್ನು ಈಗಲೂ ನೋಡುತ್ತಿದ್ದೇನೆ.

ಮೊದಲ ವರ್ಷಗಳಲ್ಲಿ ನಾನು ಕಂಡವರನ್ನೆಲ್ಲ ಮನೆಗೆ ಕರೆದುಕೊಂಡು ಬರುತ್ತಿದ್ದೆ. ಬಸ್ಸಿಳಿದು ಬರುವಾಗ ನನ್ನ ತಲೆಯೊಳಗೆ ಅವರೆಲ್ಲ ಕೂತಿರುತ್ತಿದ್ದರು. ಸಾರಿಗೆ ಉಪ್ಪು ಹಾಕಿ, ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದೆ. ಯಜಮಾನರು ಒಂದು ಕೇಳಿದರೆ ಇನ್ನೊಂದಕ್ಕೆ ಉತ್ತರ ಕೊಡುತ್ತಿದ್ದೆ. ಅನ್ನ ಕಲಸಿಕೊಂಡು ಹಾಗೇ ಕೂತಿರುತ್ತಿದ್ದೆ. ಆ ಹೆಂಗಸು ಈಗ ಏನು ಮಾಡುತ್ತಿರಬಹುದು, ಅವನು ಕುಡಿದು ಬಂದಿರಬಹುದೇ ಎಂಬುದೇ ಯೋಚನೆ. ಇದೆಲ್ಲ ಈ ಕೆಲಸದ ಲಕ್ಷಣ ಎಂದು ಆಗ ತಿಳಿದಿರಲಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂದೇ ತಿಳಿದಿದ್ದೆ.

ಕೆರೆಕಟ್ಟೆಯಲ್ಲಿ ಒಬ್ಬ ಕ್ಷಯದ ರೋಗಿ ಇದ್ದ. ಮಾತ್ರೆ ಬಿಡಬೇಡ ಎಂದು ಹೇಳಲು ನಾನು ಹೋಗುತ್ತಿದ್ದೆ. ಒಂದು ದಿನ ಹೋದಾಗ ಅವನು ತೀರಿಕೊಂಡಿದ್ದ. ಮಣ್ಣಾಗುವವರೆಗೂ ಇದ್ದು, ಸಂಜೆಯ ಬಸ್ಸಿಗೆ ಬಂದೆ. ಸಾವಿನ ಮನೆಯಿಂದ ಬಂದವರು ಎದುರು ಬಾಗಿಲಿನಿಂದ ಬರಬಾರದು. ಹಿತ್ತಲಿಗೆ ಸುತ್ತಿ, ಬಚ್ಚಲಿಗೆ ಹೋಗಿ, ಉಟ್ಟ ಸೀರೆ ನೆನೆಹಾಕಿ, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ನನಗೆ ಇಂಥ ಶಾಸ್ತ್ರಗಳಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಅತ್ತೆ ಇದ್ದರು, ಹಾಗಾಗಿ ಮಾಡಿದೆ. ಹಂಡೆಯ ಬಿಸಿನೀರು ತಲೆಯ ಮೇಲೆ ಬಿದ್ದಾಗ ನಾನು ಅಳುತ್ತಿದ್ದೆ. ಆದರೆ ಆಮೇಲೆ ಒಳಗೆ ಬಂದು ಹೊಟ್ಟೆ ತುಂಬ ಉಂಡೆ, ಮಲಗಿದ ಕೂಡಲೇ ನಿದ್ದೆ ಬಂತು. ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ ಅದು.

ಸ್ವಲ್ಪ ದಿನಗಳಾದ ಮೇಲೆ ನರಸಿಂಹರಾಜಪುರದ ಕಡೆಯ ಒಂದು ಮನೆಗೆ ಹೋಗಿದ್ದೆ. ಅಲ್ಲಿ ಸತ್ತವರು ಯಾರೂ ಇಲ್ಲ, ಆದರೆ ನೋಡಬಾರದ್ದನ್ನು ನೋಡಿದೆ. ಮನೆಗೆ ಬಂದಾಗ ಕಾಲು ತಾನಾಗಿ ಹಿತ್ತಲಿಗೆ ತಿರುಗಿತು. ಅಂದಿನಿಂದ ಅದೇ ರೂಢಿಯಾಯಿತು. ಮನಸ್ಸು ಕೆಟ್ಟ ದಿನ ಹಿತ್ತಲ ಬಾಗಿಲು, ಬಚ್ಚಲು, ಸ್ನಾನ, ಆಮೇಲೆ ಮನೆ. ದೊಡ್ಡ ಜಮೀನ್ದಾರರ ಮನೆಯಿಂದ ಬಂದರೂ ಅಷ್ಟೇ, ತೋಟದ ಕೂಲಿಯವರ ಲೈನ್ ಮನೆಯಿಂದ ಬಂದರೂ ಅಷ್ಟೇ.

ಇದರಿಂದ ಒಂದು ಫಜೀತಿಯೂ ಆಯಿತು. ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನಲ್ಲಿ ಅತ್ತೆಯ ದೊಡ್ಡಪ್ಪನ ಮಗ ಸುಬ್ಬಣ್ಣಯ್ಯ ಎಂಬುವರಿದ್ದರು, ಬಹಳ ದಿನಗಳಿಂದ ಹಾಸಿಗೆ ಹಿಡಿದಿದ್ದರು. ಒಂದು ಬೆಳಿಗ್ಗೆ ನಾನು ನಾರ್ವೆಗೆ ಹೋಗುತ್ತೇನೆ ಎಂದು ಹೇಳಿ ಹೊರಟಿದ್ದೆ. ಸಂಜೆ ಬಂದವಳು ಮಾತಿಲ್ಲದೆ ಹಿತ್ತಲಿಗೆ ಸುತ್ತಿದೆ. ಅತ್ತೆ ಕಿಟಕಿಯಿಂದ ನೋಡಿದರು. ನಾರ್ವೆಗೆ ಹೋದವಳು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಳೆ ಎಂದಮೇಲೆ ಇನ್ನೇನು ಕೇಳುವುದು? ನಾನು ಸೀರೆ ಉಟ್ಟು ಒಳಗೆ ಬರುವಷ್ಟರಲ್ಲಿ ಶೃಂಗೇರಿಯ ನೆಂಟರಿಗೆಲ್ಲ ಫೋನು ಹೋಗಿತ್ತು. ಅವರಲ್ಲಿ ಕೆಲವರು ಜೀಪು ಮಾಡಿಕೊಂಡು ನಾರ್ವೆಗೆ ಹೋದರು. ಸುಬ್ಬಣ್ಣಯ್ಯ ಆ ದಿನವೇ ಸ್ವಲ್ಪ ಗೆಲುವಾಗಿ ಜಗಲಿಗೆ ಬಂದು ಗಂಜಿ ಕುಡಿಯುತ್ತಿದ್ದರಂತೆ. ಬಿಳಿ ಪಂಚೆ ಉಟ್ಟು ಇಳಿದವರನ್ನು ನೋಡಿ, "ಎಂತ ಎಲ್ಲ ಒಟ್ಟಿಗೆ ಬಂದ್ರಿ? ಯಾರು ಹೋದ್ರು ಮಾರಾಯಾ?" ಎಂದು ಕೇಳಿದರಂತೆ. ಬಂದವರು ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದ್ವಿ ಎಂದು ಹೇಳಿ, ಚಾ ಕುಡಿದು ವಾಪಸಾದರು. ಆಮೇಲೂ ಸುಬ್ಬಣ್ಣಯ್ಯ ಬಹಳ ಕಾಲ ಬದುಕಿದ್ದರು.

ಅಂದಿನಿಂದ ಅತ್ತೆ ಹುಷಾರಾದರು. ನಾನು ಬಚ್ಚಲಿಗೆ ಹೋದ ಕೂಡಲೇ ಬಾಗಿಲ ಹೊರಗೆ ಬಂದು ನಿಲ್ಲುತ್ತಿದ್ದರು. "ಯಾರು ಹೋದ್ರು ಮಾರಾಯ್ತಿ?" "ಯಾರೂ ಹೋಗಿಲ್ಲ ಅತ್ತೆ." "ಹಂಗಾದ್ರೆ ಸರಿ" ಎಂದು ಹೋಗಿಬಿಡುತ್ತಿದ್ದರು. ಎಷ್ಟೋ ಸಂಜೆ ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ. ಆದರೆ ಹಾಗೆ ಗಟ್ಟಿಯಾಗಿ ಹೇಳಿದಾಗ ನನಗೂ ಸಮಾಧಾನವಾಗುತ್ತಿತ್ತು. ಇವತ್ತಿಗೆ ಯಾರೂ ಹೋಗಿಲ್ಲ, ನಾಳೆ ನೋಡೋಣ.

ಆಗ ನಮ್ಮ ಮೇಲಿದ್ದವರು ವರ್ಗೀಸ್ ಸರ್. ನರಸಿಂಹರಾಜಪುರದ ಕಡೆಯವರು, ರಬ್ಬರ್ ತೋಟ ಇದ್ದವರು, ಮಾತು ಒರಟು. ಜೀಪಿನಲ್ಲಿ ವಾಪಸ್ ಬರುವಾಗ ಒಂದು ಹೋಟೆಲಿನ ಮುಂದೆ ನಿಲ್ಲಿಸುತ್ತಿದ್ದರು. ಅಲ್ಲಿಯವರೆಗೆ ಆ ದಿನ ಕಂಡದ್ದನ್ನೆಲ್ಲ ಹೇಳಬಹುದು, ಬೈಯಬಹುದು, ಅಳಬಹುದು. ಹೋಟೆಲಿನ ಮೆಟ್ಟಿಲು ಹತ್ತಿದ ಮೇಲೆ ಒಂದು ಮಾತೂ ಕೂಡದು. ನಾನೊಮ್ಮೆ ಬಾಯಿ ತೆರೆದಾಗ "ವಿನೋದಾ, ಬನ್ಸ್ ತಿನ್ನು" ಎಂದು ಗದರಿದ್ದರು. ಇವರಿಗೆ ಹೃದಯವೇ ಇಲ್ಲ ಎಂದು ನಾನು ಬೇಜಾರು ಮಾಡಿಕೊಂಡಿದ್ದೆ. ಅವರು ಸಂಸ್ಥೆಯಿಂದ ಹೋದ ಮೇಲೆ ಜೀಪೂ ಹೋಯಿತು, ಹೋಟೆಲೂ ತಪ್ಪಿತು. ನಾವು ಒಬ್ಬೊಬ್ಬರೇ ಬಸ್ಸಿನಲ್ಲಿ ಬರತೊಡಗಿದೆವು. ಆಗ ಆ ಬನ್ಸಿನ ಬೆಲೆ ಗೊತ್ತಾಯಿತು.

ನನ್ನ ಜೊತೆ ನಾಗರಾಜ ಎಂಬವನಿದ್ದ. ನಮ್ಮೆಲ್ಲರಿಗಿಂತ ಒಳ್ಳೆಯ ಕಾರ್ಯಕರ್ತ. ಕರೆದಾಗ ಹೋಗುವವನು, ಇಲ್ಲ ಎಂದು ಹೇಳಲು ಬಾರದವನು. ರಜೆ ತೆಗೆದುಕೊ ಎಂದರೆ, ನನ್ನ ರಜೆಗೆ ಕುಡುಕರು ಕಾಯ್ತಾರಾ ಎಂದು ಕೇಳುತ್ತಿದ್ದ. ಒಂದು ದಿನ ಶೃಂಗೇರಿಯಲ್ಲಿ ಬಸ್ಸು ಹತ್ತಿದವನು ಇಳಿಯಬೇಕಾದ ಕಡೆ ಇಳಿಯಲಿಲ್ಲ. ಬಸ್ಸು ಕೊನೆಯ ಊರಿಗೆ ಹೋಗಿ ತಿರುಗಿ ಬಂತು, ಅವನು ಕೂತೇ ಇದ್ದ. ಕಂಡಕ್ಟರ್ ಪರಿಚಯದವನು, ನನಗೆ ಫೋನು ಮಾಡಿದ. ನಾನು ಹೋದಾಗ ನಾಗರಾಜ ಕಿಟಕಿಗೆ ತಲೆ ಆನಿಸಿ, "ವಿನೋದಕ್ಕಾ, ಎಲ್ಲಿ ಇಳೀಬೇಕು ಅಂತ ಗೊತ್ತಾಗ್ತಿಲ್ಲ" ಅಂದ. ಅವನು ಮತ್ತೆ ಕೆಲಸಕ್ಕೆ ಬರಲಿಲ್ಲ. ಈಗ ಶೃಂಗೇರಿಯಲ್ಲಿ ಒಂದು ಫ್ಯಾನ್ಸಿ ಸ್ಟೋರ್ ಇಟ್ಟಿದ್ದಾನೆ. ಬಳೆ, ಕ್ಲಿಪ್ಪು, ಸೋಪು ಮಾರುತ್ತಾನೆ. ಮೈ ತುಂಬಿಕೊಂಡಿದ್ದಾನೆ. ಹೆಂಗಸರು ಈಗಲೂ ಬಂದು ಸೋಪು ತೆಗೆದುಕೊಳ್ಳುತ್ತ ಕಷ್ಟ ಹೇಳಿಕೊಳ್ಳುತ್ತಾರೆ. ಅವನು ಬಾಗಿಲು ಹಾಕುವ ಹೊತ್ತಿಗೆ ಬಾಗಿಲು ಹಾಕಿ ಮನೆಗೆ ಹೋಗುತ್ತಾನೆ. ಅವನು ಸೋತನೋ ಗೆದ್ದನೋ ನನಗೆ ಈಗಲೂ ಹೇಳಲಾಗುವುದಿಲ್ಲ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ನೇಹಾ ಬಂದಳು. ಬಯಲುಸೀಮೆಯ ಹುಡುಗಿ, ಓದಿದವಳು, ಕೆಟ್ಟವಳಲ್ಲ. ಅವಳ ಜೊತೆಗೆ ವಾಟ್ಸಾಪ್ ಗುಂಪು ಬಂತು. ಯಾವ ಮನೆಗೆ ಹೋದರೂ ಜಾಗ ತೋರಿಸುವ ಫೋಟೋ ತೆಗೆದು ಹಾಕಬೇಕು. ನೆಟ್‌ವರ್ಕ್ ಇಲ್ಲದ ಕಡೆ ಗುಡ್ಡ ಹತ್ತಿ ಹಾಕಬೇಕು. ಜೊತೆಗೆ ದಿನಕ್ಕೊಮ್ಮೆ ನಿಮ್ಮ ಮನಸ್ಸು ಹೇಗಿದೆ ಎಂದು ಒಂದು ಮುಖ ಒತ್ತಬೇಕು, ನಗುವ ಮುಖ, ಸಪ್ಪೆ ಮುಖ, ಅಳುವ ಮುಖ. ಅಳುವ ಮುಖ ಒತ್ತಿದರೆ ನೇಹಾ ಫೋನು ಮಾಡಿ ವಿಚಾರಿಸುತ್ತಾಳೆ, ಅದಕ್ಕೆ ಅರ್ಧ ಗಂಟೆ ಹೋಗುತ್ತದೆ. ಹಾಗಾಗಿ ಎಲ್ಲರೂ ನಗುವ ಮುಖವನ್ನೇ ಒತ್ತುತ್ತಿದ್ದೆವು. ಅವಳು ಕಲಿಸಿದ ಉಸಿರಾಟದ ವ್ಯಾಯಾಮ ಮಾತ್ರ ಒಳ್ಳೆಯದಿತ್ತು. ಹಲ್ಲು ಕೀಳಿಸುವಾಗ ನಾನು ಅದನ್ನೇ ಮಾಡಿದೆ.

ಇನ್ನು ಪವಿತ್ರ. ನಾರ್ವೆಯ ಲೈನ್ ಮನೆಯ ಗಿರಿಜಮ್ಮನ ಮಗಳು. ಗಿರಿಜಮ್ಮ ಆಗಲೂ ಈಗಲೂ ತೋಟದ ಕೆಲಸಕ್ಕೆ ಹೋಗುವವರು. ಪವಿತ್ರಳ ಅಪ್ಪ ಕುಡಿಯುತ್ತಿದ್ದ ಕಾಲದಲ್ಲಿ ನಾನು ಆ ಮನೆಗೆ ಎಷ್ಟೋ ಸಲ ಹೋಗಿದ್ದೇನೆ. ಅವಳು ಶಾಲೆ ಬಿಡದ ಹಾಗೆ ನೋಡಿಕೊಂಡದ್ದರಲ್ಲಿ ನನ್ನದೂ ಒಂದು ಪಾಲಿದೆ. ಅವಳು ಓದಿ ನಮ್ಮದೇ ಸಂಸ್ಥೆಗೆ ಸೇರಿದಾಗ ನನಗಾದ ಸಂತೋಷ ನನ್ನ ಮಗಳಿಗೆ ಕೆಲಸ ಸಿಕ್ಕಾಗಲೂ ಆಗಿರಲಿಲ್ಲ. ತರಬೇತಿಯ ದಿನ ನೇಹಾ ನನ್ನನ್ನು ಕರೆದದ್ದರ ಹಿಂದೆ ಒಂದು ಉದ್ದೇಶವಿತ್ತು. ಪವಿತ್ರ ಕೆಲಸ ಬಿಡುತ್ತೇನೆ ಎಂದಿದ್ದಳು. ಸರಿಯಾಗಿ ಉಣ್ಣುವುದಿಲ್ಲ, ತಲೆಕೂದಲು ಉದುರುತ್ತಿದೆ, ಮೀಟಿಂಗಿನಲ್ಲಿ ಕರೆದರೂ ಕೇಳಿಸುವುದಿಲ್ಲ. ನಿಮ್ಮ ಮಾತಾದರೆ ಕೇಳಬಹುದು ಎಂದು ನೇಹಾ ನನಗೆ ಹೇಳಿದ್ದಳು. ನನಗೆ ನಾಗರಾಜ ಬಸ್ಸಿನ ಕಿಟಕಿಗೆ ಆನಿಸಿದ ತಲೆ ನೆನಪಾಗಿ ಭಯವಾಗಿತ್ತು.

ಹಾಗಾಗಿ ಅವಳು ಎದ್ದು ಹೋದಾಗ ನಾನು ಮೈಕು ಕೊಟ್ಟು ಹಿಂದೆಯೇ ಹೋದೆ. ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದಳು.

"ಒಂದು ಕೇಳ್ತೀನಿ ಮೇಡಂ. ನಮ್ಮನೆಗೆ ಬಂದು ಹೋದ ದಿನಾನೂ ಸ್ನಾನ ಮಾಡ್ತಿದ್ರಾ?"

"ಮಾಡ್ತಿದ್ದೆ" ಅಂದೆ. ಸುಳ್ಳು ಹೇಳಲು ಕಾರಣವೇ ಹೊಳೆಯಲಿಲ್ಲ.

"ನಂಗೆ ಗೊತ್ತಿತ್ತು. ನಿಮ್ಮನೆ ಕೆಲಸಕ್ಕೆ ಬರ್ತಿದ್ದ ಲಕ್ಷ್ಮಕ್ಕ ನಮ್ಮಮ್ಮಂಗೆ ಹೇಳಿದ್ರು. ಲೈನಿಗೆ ಹೋಗಿ ಬಂದ ದಿನ ವಿನೋದಮ್ಮ ಹಿಂದಿನ ಬಾಗ್ಲಿಂದ ಹೋಗಿ ತಲೆಗೆ ನೀರು ಹಾಕ್ಕಂತಾರೆ ಅಂತ."

ಅವಳು ಏನು ಹೇಳುತ್ತಿದ್ದಾಳೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅದು ಹಾಗಲ್ಲ ಪವಿತ್ರ. ದೊಡ್ಡವರ ಮನೆಯಿಂದ ಬಂದಾಗಲೂ ಮಾಡ್ತಿದ್ದೆ."

"ಅದು ಲಕ್ಷ್ಮಕ್ಕಂಗೆ ಗೊತ್ತಿರ್ಲಿಲ್ಲ. ನಮಗೂ ಗೊತ್ತಿರ್ಲಿಲ್ಲ."

"ನಿಮ್ಮನೇಲಿ ನಾನು ಚಾ ಕುಡೀತಿರ್ಲಿಲ್ವಾ?"

"ಕುಡೀತಿದ್ರಿ. ಕುಡಿದು ಹೋಗಿ ಸ್ನಾನ ಮಾಡಿದ್ರಿ. ಆ ಲೋಟ ತೊಳೀತಿದ್ದವಳು ನಾನು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಹೋಗ್ಲಿ ಬಿಡಿ. ಅದು ಹಳೇದು. ನೀವು ಆ ಮನೆಗಳಿಂದ ನಿಮ್ಮನೆಗೆ ಬಂದು ತೊಳ್ಕಂಡ್ರಿ. ನಾನು ಎಲ್ಲಿಗೆ ಹೋಗಿ ತೊಳ್ಕಳ್ಲಿ ಮೇಡಂ? ನಾನು ಹೋಗೋ ಮನೇನೂ ನಮ್ಮನೆ ತರಾನೇ ಇರೋದು. ಅವರ ಕಷ್ಟಾನೂ ನಮ್ಮನೇದೇ."

ಮನೆಗೆ ಬಂದು ಕೂತು ಯೋಚಿಸಿದಷ್ಟೂ ತಲೆ ಕಲಸಿಹೋಯಿತು. ನನ್ನ ಸ್ನಾನ ದುಃಖದ್ದು ಎಂದು ನನಗೆ ಗೊತ್ತು. ಆದರೆ ಅತ್ತೆಗೂ ಹಾಗೇ ಗೊತ್ತಿತ್ತೇ? ನಾನು ಕಂಡಕಂಡ ಕೇರಿಗೆ ಹೋಗಿ ಬರುವುದಕ್ಕೆ ಅವರು ಒಂದು ದಿನವೂ ಅಡ್ಡಿ ಮಾಡಲಿಲ್ಲ. ಎಷ್ಟು ಒಳ್ಳೆಯವರು ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಸೊಸೆ ಹೇಗೂ ಸ್ನಾನ ಮಾಡಿಯೇ ಒಳಗೆ ಬರುತ್ತಾಳಲ್ಲ ಎಂಬ ಸಮಾಧಾನದಲ್ಲಿ ಅವರು ಸುಮ್ಮನಿದ್ದಿರಬಹುದು. ಕೇಳೋಣವೆಂದರೆ ಅವರು ಈಗ ಇಲ್ಲ. ನನ್ನ ಕೆಲಸ ನಡೆದದ್ದೇ ಆ ಸ್ನಾನದಿಂದ ಎಂದಾದರೆ, ಅದರಲ್ಲಿ ಎಷ್ಟು ದುಃಖಕ್ಕೆ, ಎಷ್ಟು ಜಾತಿಗೆ ಎಂದು ಈಗ ಬೇರೆ ಮಾಡುವುದು ಹೇಗೆ? ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಮಾತ್ರ ಗೊತ್ತಾಗಲಿಲ್ಲ.

ಇದಾಗಿ ಕೆಲವು ದಿನಗಳ ನಂತರ ಬೆಳಿಗ್ಗೆ ಪವಿತ್ರ ಫೋನು ಮಾಡಿದಳು. "ಮೇಡಂ, ಸುಜಾತ ಹೋದ್ಲು."

ಸುಜಾತ ಕೆರೆಕಟ್ಟೆಯ ಹೆಣ್ಣುಮಗಳು, ಪವಿತ್ರಳ ವಯಸ್ಸಿನವಳೇ. ಹೃದಯದ ತೊಂದರೆ ಇತ್ತು. ಆಸ್ಪತ್ರೆ ಬೇಡ ಎನ್ನುತ್ತಿದ್ದ ಮನೆಯವರನ್ನು ಒಪ್ಪಿಸಿ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ಆಪರೇಷನ್ ಮಾಡಿಸಿದವಳು ಪವಿತ್ರ. ಆಪರೇಷನ್ ಆದ ಮೇಲೆ ಸುಜಾತ ಚೇತರಿಸಿಕೊಂಡಿದ್ದಳು. ಆಮೇಲೆ ಜ್ವರ ಬಂತು, ಅಷ್ಟೇ.

"ಕೆರೆಕಟ್ಟೆಗೆ ಹೋಗ್ಬೇಕು. ನನ್ನಿಂದ ಆಗ್ತಾ ಇಲ್ಲ. ನೀವು ಬರ್ತೀರಾ?" ಎಂದು ಕೇಳಿದಳು. ನನ್ನ ಮೇಲೆ ಬೇಜಾರಿದ್ದರೂ ನನ್ನನ್ನೇ ಕೇಳಿದಳು. ಬರ್ತೀನಿ ಅಂದೆ. ಶೃಂಗೇರಿಯಲ್ಲಿ ಒಟ್ಟಿಗೆ ಬಸ್ಸು ಹತ್ತಿದೆವು.

ಸುಜಾತಳ ತಾಯಿ ಪವಿತ್ರಳ ಎರಡೂ ಕೈ ಹಿಡಿದುಕೊಂಡು, "ನೀ ಹೇಳಿದ್ದೆಲ್ಲ ಮಾಡಿದ್ವಲ್ಲೇ ತಂಗಿ" ಎಂದರು. ಅದು ಆಪಾದನೆಯಲ್ಲ. ಆ ತಾಯಿಗೂ ಏನೂ ಅರ್ಥವಾಗಿರಲಿಲ್ಲ, ನಮ್ಮ ಹಾಗೇ. ಪವಿತ್ರ ಅಳಲಿಲ್ಲ. ಆ ಮನೆಯ ಮಕ್ಕಳಿಗೆ ಊಟ ಹಾಕಿದಳು, ಯಾರಿಗೋ ಫೋನು ಮಾಡಿ ಸೌದೆಗೆ ಹೇಳಿದಳು, ಎಲ್ಲ ಕೆಲಸ ಅಚ್ಚುಕಟ್ಟಾಗಿ ಮಾಡಿದಳು. ಅವಳು ಹಾಗೆ ಓಡಾಡುತ್ತಿದ್ದುದನ್ನು ನೋಡಿಯೇ ನನಗೆ ಹೆದರಿಕೆಯಾದದ್ದು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳ ಫೋನು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಇವತ್ತಿನ ಭೇಟಿಯ ಫೋಟೋ ಹಾಕಿಲ್ಲ ಎಂದು ಗುಂಪಿನಲ್ಲಿ ಬಂದಿತ್ತು. ಅವಳು ಫೋನು ಕೈಯಲ್ಲಿ ಹಿಡಿದು ನೋಡುತ್ತಲೇ ಕೂತಳು. ನಾನು ಅದನ್ನು ತೆಗೆದುಕೊಂಡೆ. ಸದ್ದು ನಿಲ್ಲಿಸುವುದು ಹೇಗೆಂದು ತಿಳಿಯದೆ ನನ್ನ ಚೀಲದಲ್ಲಿ ಛತ್ರಿಯ ಕೆಳಗೆ ತುರುಕಿದೆ. ಅವಳು ಬೇಡ ಎನ್ನಲಿಲ್ಲ. ಕಿಟಕಿಗೆ ತಲೆ ಆನಿಸಿದಳು. ನಾನು ಅವಳ ಭುಜ ಹಿಡಿದು ಎಳೆದು ನನ್ನ ಕಡೆಗೆ ಒರಗಿಸಿಕೊಂಡೆ. ಬಸ್ಸಿನಲ್ಲಿ ಜನ ನೋಡಿದರೆ ನೋಡಲಿ ಎನ್ನಿಸಿತು.

ನಾರ್ವೆಯಲ್ಲಿ ಅವಳ ಜೊತೆ ನಾನೂ ಇಳಿದೆ. ಹಾಗೇ ಬಿಟ್ಟು ಹೋಗಲು ಧೈರ್ಯವಾಗಲಿಲ್ಲ. ಇನ್ನೂ ಬೆಳಕಿತ್ತು. ಗಿರಿಜಮ್ಮ ತೋಟದಿಂದ ಬಂದು ಮನೆಯ ಮುಂದೆ ಗುಡಿಸುತ್ತಿದ್ದರು. ನಮ್ಮನ್ನು ನೋಡಿ ಪೊರಕೆಯನ್ನು ಅಡ್ಡ ಹಿಡಿದರು.

"ಅಲ್ಲೇ ನಿಲ್ಲಿ. ಹಂಗೇ ಒಳಗೆ ಬರಬ್ಯಾಡಿ."

ನಾನು ಅಂಗಳದಲ್ಲೇ ನಿಂತೆ. ಲಕ್ಷ್ಮಕ್ಕ ಹೇಳಿದ ಮಾತು ನೆನಪಿಟ್ಟುಕೊಂಡೇ ಹೀಗೆ ಮಾಡುತ್ತಿದ್ದಾರೆ, ಮಾಡಲಿ, ನ್ಯಾಯವೇ ಎಂದುಕೊಂಡೆ.

"ಸಾವಿನ ಮನೆಯಿಂದ ಬಂದಿದೀರಿ" ಎಂದರು ಗಿರಿಜಮ್ಮ, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. "ಹಿಂದಿನಿಂದ ಬನ್ನಿ. ಬಚ್ಚಲಲ್ಲಿ ನೀರು ಕಾದಿದೆ. ಮೊದ್ಲು ನೀವು ಹಾಕ್ಕಳಿ, ಆಮೇಲೆ ಅವಳು. ಉಡೋಕೆ ನಂದೊಂದು ಸೀರೆ ಕೊಡ್ತೀನಿ."

ಇಷ್ಟು ವರ್ಷ ಎಲ್ಲರ ಮನೆಯಿಂದ ಬಂದು ನನ್ನ ಮನೆಯಲ್ಲಿ ಸ್ನಾನ ಮಾಡಿದವಳು ನಾನು. ಬೇರೆ ಯಾರ ಬಾಗಿಲಲ್ಲೂ ನನ್ನನ್ನು ತಡೆದು, ಮೈ ತೊಳೆದುಕೊಂಡು ಬಾ ಎಂದು ಹೇಳಿರಲಿಲ್ಲ. ಅವರ ಮನೆಗೂ ಒಂದು ಹಿತ್ತಲು, ಒಂದು ಬಚ್ಚಲು, ಒಳಗೆ ಬರುವವರಿಗೊಂದು ಕ್ರಮ ಇದೆ ಎಂಬುದು ಅಷ್ಟು ಸಲ ಚಾ ಕುಡಿದರೂ ನನ್ನ ತಲೆಗೆ ಬಂದಿರಲಿಲ್ಲ. ಪವಿತ್ರ ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. "ಹೋಗಿ ಮೇಡಂ, ಇಲ್ಲಾಂದ್ರೆ ಒಳಗೆ ಬಿಡೋದಿಲ್ಲ ಅಮ್ಮ" ಅಂದಳು. ಅವಳ ತುಟಿಯ ಕೊನೆಯಲ್ಲಿ ಸಣ್ಣ ನಗು ಇತ್ತು.

ತಗಡಿನ ಗೋಡೆ, ಮಸಿ ಹಿಡಿದ ಹಂಡೆ. ನೀರಿಗೆ ಹೊಗೆಯ ವಾಸನೆ ಇತ್ತು, ನಮ್ಮ ಬಚ್ಚಲಿನದೇ ವಾಸನೆ. ನಾನು ಸುಜಾತಳಿಗಾಗಿ ಅತ್ತುಬಿಟ್ಟೆ. ಆಮೇಲೆ ಗಿರಿಜಮ್ಮನ ಸೀರೆ ಉಟ್ಟು ಅವರ ಒಲೆಯ ಮುಂದೆ ಕೂತೆ.

ಪವಿತ್ರ ಬಚ್ಚಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನೀರು ಹೊಯ್ದುಕೊಳ್ಳುವ ಸದ್ದು ಬಂತು, ನಿಂತಿತು. ಅಳುವ ಸದ್ದು ಬಂತು. ಮತ್ತೆ ನೀರಿನ ಸದ್ದು. ನಾನು ಏಳಲು ಹೋದೆ. "ಬ್ಯಾಡ, ಕೂತ್ಕಳಿ" ಎಂದು ಗಿರಿಜಮ್ಮ ತಾವೇ ಹೋಗಿ ಹಂಡೆಯ ಒಲೆಗೆ ಇನ್ನೆರಡು ಕೊಳ್ಳಿ ತಳ್ಳಿ ಬಂದರು.

"ಲಕ್ಷ್ಮಕ್ಕ ಹೇಳಿದ್ದು ನಿಮಗೆ ಬೇಜಾರಾಗಿತ್ತಾ ಗಿರಿಜಮ್ಮ?" ಎಂದು ಕೇಳಿದೆ.

"ಆಗ್ದೇ ಇರತ್ತಾ? ಈಗಲೂ ಸ್ವಲ್ಪ ಇದೆ."

"ಆದ್ರೂ ಹೋದಾಗೆಲ್ಲ ಚಾ ಕೊಡ್ತಿದ್ರಲ್ಲ."

"ಬಂದವರಿಗೆ ಕೊಡದೆ ಇರೋಕೆ ಆಗತ್ತಾ ಅಮ್ಮ?" ಎಂದು ಅವರು ಚಾಕ್ಕೆ ನೀರಿಟ್ಟರು. ದುಃಖದ ಸ್ನಾನ ಎಂದು ವಿವರಿಸಲು ಬಾಯಿ ಬರಲಿಲ್ಲ. ಪವಿತ್ರ ಬಂದು, ತಲೆ ಒರೆಸಿಕೊಂಡು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ನನ್ನ ಚೀಲದೊಳಗೆ ಅವಳ ಫೋನು ಇನ್ನೂ ಸದ್ದು ಮಾಡುತ್ತಲೇ ಇತ್ತು.

ಹೊಸದಾಗಿ ಸೇರುವವರಿಗೆ ಇದರಿಂದ ಏನು ಹೇಳಬೇಕೋ ನನಗೆ ಸರಿಯಾಗಿ ತಿಳಿದಿಲ್ಲ. ಹೊತ್ತಿಗೆ ಉಣ್ಣಿ, ನೀರು ಕುಡಿಯಿರಿ, ದೀಪ ಹಚ್ಚಿದ ಮೇಲೆ ಫೋನು ಮುಚ್ಚಿಡಿ, ಕಂಡದ್ದನ್ನು ಒಬ್ಬರ ಹತ್ತಿರವಾದರೂ ಹೇಳಿ ಮುಗಿಸಿ. ಇಷ್ಟು ಧೈರ್ಯವಾಗಿ ಹೇಳಬಲ್ಲೆ. ಸ್ನಾನದ ವಿಷಯ ಮಾತ್ರ ನಿಮ್ಮ ನಿಮ್ಮ ಮನೆ ನೋಡಿಕೊಂಡು ಯೋಚಿಸಿ. ಪವಿತ್ರ ರಜೆ ಹಾಕಿದಳು. ಕೆಲಸ ಬಿಡುತ್ತೇನೆ ಎಂದೂ ಹೇಳಲಿಲ್ಲ, ಬಿಡುವುದಿಲ್ಲ ಎಂದೂ ಹೇಳಲಿಲ್ಲ. ರಜೆ ಮುಗಿದ ದಿನ ಕೆಲಸಕ್ಕೆ ಹೋದಳು ಎಂದು ನೇಹಾಳಿಂದ ಗೊತ್ತಾಯಿತು. ಎಷ್ಟು ದಿನ ಇರುತ್ತಾಳೋ, ನಾನು ಕೇಳಲು ಹೋಗಿಲ್ಲ.

ಮೊನ್ನೆ ಸಂಜೆ ಗಿರಿಜಮ್ಮನ ಫೋನು ಬಂತು. ಅವರು ಫೋನು ಮಾಡುವುದೇ ಅಪರೂಪ.

"ಅಮ್ಮಾ, ಪವಿತ್ರ ಬಂದವಳು ಒಳಗೆ ಕಾಲೇ ಇಡ್ಲಿಲ್ಲ. ಚೀಲ ಜಗಲಿಲಿಟ್ಟು ಸೀದಾ ಬಚ್ಚಲಿಗೆ ಹೋದ್ಲು. ತಲೆಗೆ ಹಾಕ್ಕಳ್ತಿದಾಳೆ. ಕೇಳಿದ್ರೆ ಮಾತಿಲ್ಲ. ಯಾರು ಹೋದ್ರು?"

ಅವಳು ಆ ದಿನ ಯಾವ ಊರಿಗೆ ಹೋಗಿದ್ದಳೋ, ಯಾರ ಮನೆಯಲ್ಲಿ ಏನು ಕಂಡಳೋ ನನಗೆ ತಿಳಿಯದು. ಆದರೂ ಉತ್ತರ ಬಾಯಿಗೆ ಬಂತು.

"ಯಾರೂ ಹೋಗಿಲ್ಲ ಗಿರಿಜಮ್ಮ" ಅಂದೆ. "ಒಲೆಗೆ ಇನ್ನೆರಡು ಕೊಳ್ಳಿ ಹಾಕಿ."